ಪರಿಮಿತ ಗ್ರಾಫ್, ಗ್ರೂಪ್, ಫೀಲ್ಡ್‌ಗಳಿಗೆ ಮಾಡೆಲ್ ಥಿಯರಿಯಿಂದ ನಿಜವಾಗಿ ಏನು ಸಿಗುತ್ತದೆ?

ಕಾವೇರಿತೀರ:
ಎಲ್ಲರಿಗೂ ನಮಸ್ಕಾರ. ನಾನು ಗ್ರಾಫ್ ಥಿಯರಿಯಲ್ಲಿ ಪಿಎಚ್‌ಡಿ ಮಾಡುತ್ತಿದ್ದೇನೆ. ಲಾಜಿಕ್ ಓದಿದ್ದು ಎಂಎಸ್ಸಿಯಲ್ಲಿ ಒಂದು ಪೇಪರ್, ಅಷ್ಟೇ. ಈಚೆಗೆ ಎಲ್ಲಿ ನೋಡಿದರೂ ಮಾಡೆಲ್ ಥಿಯರಿ, ಅಂದರೆ ಲಾಜಿಕ್ ವಾಕ್ಯಗಳಿಗೂ ಅವು ನಿಜವಾಗುವ ರಚನೆಗಳಿಗೂ ಇರುವ ನಂಟಿನ ಅಧ್ಯಯನ, ಅದರ ಹೆಸರು ಬರುತ್ತಿದೆ. ಆದರೆ ನನಗೆ ಬುಡದಲ್ಲೇ ಒಂದು ಪ್ರಶ್ನೆ ಇದೆ.

ಒಂದು ಪರಿಮಿತ ಗ್ರಾಫ್ ಕೊಟ್ಟರೆ ಅದನ್ನು ಒಂದೇ ಫಸ್ಟ್ ಆರ್ಡರ್ ವಾಕ್ಯದಲ್ಲಿ ("ಪ್ರತಿಯೊಂದು", "ಒಂದಾದರೂ" ಅನ್ನುವುದನ್ನು ಬಿಂದುಗಳ ಬಗ್ಗೆ ಮಾತ್ರ ಹೇಳುವ ವಾಕ್ಯ) ಪೂರ್ತಿ ಬರೆದುಬಿಡಬಹುದು. ಇಷ್ಟು ಬಿಂದು ಇವೆ, ಇದಕ್ಕೂ ಅದಕ್ಕೂ ಗೆರೆ ಇದೆ, ಇವೆರಡಕ್ಕೆ ಇಲ್ಲ ಅಂತ. ಅಲ್ಲಿಗೆ ಮುಗಿಯಿತು ಅಲ್ವಾ? ಇನ್ನು ಮಾಡೆಲ್ ಥಿಯರಿಯ ದೊಡ್ಡ ಆಯುಧ ಕಾಂಪ್ಯಾಕ್ಟ್‌ನೆಸ್: ವಾಕ್ಯಗಳ ಪಟ್ಟಿಯಿಂದ ಯಾವ ಪರಿಮಿತ ಭಾಗ ಆರಿಸಿದರೂ ಒಪ್ಪುವ ರಚನೆ ಇದ್ದರೆ, ಎಲ್ಲವನ್ನೂ ಒಟ್ಟಿಗೆ ಒಪ್ಪುವ ರಚನೆಯೂ ಇದೆ. ಅದು ಪರಿಮಿತ ರಚನೆಗಳ ಒಳಗೆ ಕೆಲಸವೇ ಮಾಡುವುದಿಲ್ಲ. "ಕನಿಷ್ಠ 1 ಬಿಂದು ಇದೆ", "ಕನಿಷ್ಠ 2 ಇವೆ", "ಕನಿಷ್ಠ 3 ಇವೆ" ಅಂತ ಬರೆಯುತ್ತಾ ಹೋದರೆ, ಅದರಲ್ಲಿ ಯಾವ ನೂರು ವಾಕ್ಯ ಆರಿಸಿದರೂ ಒಪ್ಪುವ ಪರಿಮಿತ ಗ್ರಾಫ್ ಸಿಗುತ್ತದೆ. ಎಲ್ಲವೂ ಒಟ್ಟಿಗೆ ಬೇಕು ಅಂದರೆ ಒಂದೂ ಸಿಗುವುದಿಲ್ಲ. ಒಂದು ವಾಕ್ಯಕ್ಕೆ ಪರಿಮಿತ ಮಾಡೆಲ್ (ಆ ವಾಕ್ಯ ನಿಜವಾಗುವ ರಚನೆ) ಇದೆಯೋ ಇಲ್ಲವೋ ಅಂತ ಹೇಳುವ ಅಲ್ಗಾರಿದಂ ಕೂಡ ಇಲ್ಲ, ಅದನ್ನು ಟ್ರಾಖ್ಟೆನ್‌ಬ್ರಾಟ್ 1950ರಲ್ಲೇ ತೋರಿಸಿದರು.

ಹಾಗಿದ್ದ ಮೇಲೆ ಪರಿಮಿತ ರಚನೆಗಳ ಬಗ್ಗೆ ಮಾಡೆಲ್ ಥಿಯರಿ ಹೇಳುವುದಾದರೂ ಏನು? ದೊಡ್ಡ ಹೆಸರುಗಳ ಪಟ್ಟಿ ಬೇಡ. ಪೆನ್ನು ಹಿಡಿದು ಲೆಕ್ಕ ಹಾಕಿ ನೋಡಬಹುದಾದ ಉದಾಹರಣೆ ಕೊಡಿ.

ಲಾಜಿಕ್‌ಲೋಕ:
ಒಳ್ಳೆಯ ಪ್ರಶ್ನೆ. ನೀವು ಹೇಳಿದ್ದೆಲ್ಲ ಸರಿ, ಒಂದೊಂದೇ ಗ್ರಾಫ್ ತೆಗೆದುಕೊಂಡರೆ ಮಾಡೆಲ್ ಥಿಯರಿಗೆ ಅಲ್ಲಿ ಕೆಲಸವಿಲ್ಲ. ಕೆಲಸ ಇರುವುದು ಒಂದು ಇಡೀ ಕುಟುಂಬದ ಬಗ್ಗೆ ಒಂದೇ ಮಾತು ಹೇಳಬೇಕಾದಾಗ. ಎಲ್ಲ ಪರಿಮಿತ ಫೀಲ್ಡ್‌ಗಳು (ಕೂಡು, ಕಳೆ, ಗುಣಿಸು, ಭಾಗಿಸು ನಾಲ್ಕೂ ನಡೆಯುವ ಸಂಖ್ಯಾವ್ಯವಸ್ಥೆಗಳು), ಅಥವಾ ಒಂದೇ ನಿಯಮದಿಂದ ಹುಟ್ಟಿದ ಎಲ್ಲ ಗ್ರಾಫ್‌ಗಳು, ಹೀಗೆ.

ವಿಧಾನ ಸಂಕ್ಷೇಪದಲ್ಲಿ ಇಷ್ಟು. ಗಾತ್ರ ಬೆಳೆಯುತ್ತಾ ಹೋಗುವ ಪರಿಮಿತ ರಚನೆಗಳ ಸಾಲು ಇದೆ ಅಂದುಕೊಳ್ಳಿ. ಅವನ್ನೆಲ್ಲ ಕಟ್ಟಿ ಒಂದು ಅಲ್ಟ್ರಾಪ್ರಾಡಕ್ಟ್ ಮಾಡುತ್ತೇವೆ. ಗ್ರಾಮಸಭೆಯಲ್ಲಿ ಕೈ ಎತ್ತಿಸಿದ ಹಾಗೆ, ಪ್ರತಿ ವಾಕ್ಯಕ್ಕೂ ಸಾಲಿನ ಒಂದೊಂದು ರಚನೆ ಹೌದು ಅಥವಾ ಇಲ್ಲ ಅನ್ನುತ್ತದೆ, ಯಾವ ಗುಂಪು "ಬಹುಮತ" ಅಂತ ಅಲ್ಟ್ರಾಫಿಲ್ಟರ್ ಮೊದಲೇ ಗೊತ್ತುಮಾಡಿರುತ್ತದೆ. ಬಹುಮತ ಹೌದು ಅಂದ ವಾಕ್ಯ ಆ ಒಂದು ಅನಂತ ರಚನೆಯಲ್ಲೂ ನಿಜ. ಇದು ವೋಶ್ ಅವರ ಪ್ರಮೇಯ, 1955. ಅನಂತ ರಚನೆ ಕೈಗೆ ಬಂದ ಮೇಲೆ ಕಾಂಪ್ಯಾಕ್ಟ್‌ನೆಸ್, ಡೈಮೆನ್ಷನ್, ಸ್ಟೆಬಿಲಿಟಿ ಎಲ್ಲವೂ ಬಳಕೆಗೆ ಬರುತ್ತವೆ. ಅಲ್ಲಿ ಸಿಕ್ಕ ಉತ್ತರ ವಾಪಸ್ ಬರುವಾಗ "ಸಾಕಷ್ಟು ದೊಡ್ಡದಾದ ಎಲ್ಲ ಪರಿಮಿತ ರಚನೆಗಳಿಗೂ" ಅನ್ನುವ ರೂಪದಲ್ಲಿ ಬರುತ್ತದೆ.

ಈಗ ಲೆಕ್ಕ. 1968ರಲ್ಲಿ ಜೇಮ್ಸ್ ಆಕ್ಸ್ ಪರಿಮಿತ ಫೀಲ್ಡ್‌ಗಳ ಪೂರ್ತಿ ಥಿಯರಿ ಬಿಡಿಸಿಟ್ಟರು. ಒಂದು ವಾಕ್ಯ ಎಲ್ಲ ಪರಿಮಿತ ಫೀಲ್ಡ್‌ಗಳಲ್ಲೂ ನಿಜವೇ ಅಂತ ಅಲ್ಗಾರಿದಂನಿಂದ ಹೇಳಬಹುದು ಅಂತ ತೋರಿಸಿದರು. ಅದರ ಮೇಲೆ ಕಟ್ಟಿ 1992ರಲ್ಲಿ ಚಾಟ್ಜಿದಾಕಿಸ್, ವಾನ್ ಡೆನ್ ಡ್ರೀಸ್, ಮ್ಯಾಕಿಂಟೈರ್ ಮೂವರು ಎಣಿಕೆಯ ಪ್ರಮೇಯ ಕೊಟ್ಟರು. ಒಂದು ಫಾರ್ಮುಲಾ ಹಿಡಿಯಿರಿ. ಕ್ಯೂ ಅಂಶಗಳ ಫೀಲ್ಡ್‌ನಲ್ಲಿ ಅದಕ್ಕೆ ಎಷ್ಟು ಪರಿಹಾರ? ಒಂದೂ ಇಲ್ಲ, ಇಲ್ಲವೇ ಸುಮಾರು "ಮ್ಯೂ ಗುಣಿಸು ಕ್ಯೂನ ಡಿ-ಘಾತ". ಇಲ್ಲಿ ಡಿ ಅಂದರೆ ಡೈಮೆನ್ಷನ್, ಮ್ಯೂ ಒಂದು ಭಿನ್ನರಾಶಿ. ಮುಖ್ಯ ವಿಷಯ ಏನೆಂದರೆ, ಆ ಫಾರ್ಮುಲಾಗೆ ಇಂಥ ಮ್ಯೂ-ಡಿ ಜೋಡಿಗಳ ಪಟ್ಟಿ ಪರಿಮಿತ. ಕ್ಯೂ ಎಷ್ಟೇ ಬದಲಾಗಲಿ, ಫಾರ್ಮುಲಾದೊಳಗಿನ ಪ್ಯಾರಾಮೀಟರ್ ಎಷ್ಟೇ ಬದಲಾಗಲಿ, ಉತ್ತರ ಆ ಪಟ್ಟಿಯಿಂದಲೇ ಬರಬೇಕು.

ನೋಡಿ, "ಎಕ್ಸ್ ಸೊನ್ನೆಯಲ್ಲ, ಮತ್ತು ಅದು ಯಾವುದೋ ಒಂದರ ಘನ" ಅನ್ನುವ ಫಾರ್ಮುಲಾ. 7 ಅಂಶಗಳ ಫೀಲ್ಡ್‌ನಲ್ಲಿ, ಅಂದರೆ 7ರಿಂದ ಭಾಗಿಸಿ ಶೇಷ ಮಾತ್ರ ಇಟ್ಟುಕೊಳ್ಳುವ ಲೆಕ್ಕದಲ್ಲಿ, ಘನಗಳು 1 ಮತ್ತು 6 ಮಾತ್ರ. 6ರಲ್ಲಿ ಮೂರನೇ ಒಂದು ಭಾಗ. 5 ಅಂಶಗಳ ಫೀಲ್ಡ್‌ನಲ್ಲಿ 1, 2, 3, 4ರ ಘನಗಳು ಕ್ರಮವಾಗಿ 1, 3, 2, 4. ಎಲ್ಲವೂ ಬಂತು. ಕ್ಯೂವನ್ನು 3ರಿಂದ ಭಾಗಿಸಿದಾಗ ಶೇಷ 1 ಉಳಿದರೆ ಮೂರನೇ ಒಂದು, ಇಲ್ಲದಿದ್ದರೆ ಪೂರ್ತಿ. ಪಟ್ಟಿಯಲ್ಲಿ ಎರಡೇ ಮ್ಯೂ: 1/3 ಮತ್ತು 1.

ಎಣಿಕೆಪ್ರಿಯ:
ಲಾಜಿಕ್‌ಲೋಕ ಅವರೇ, ಇದು ಗುಬ್ಬಿ ಮೇಲೆ ಬ್ರಹ್ಮಾಸ್ತ್ರ ಆಗಲಿಲ್ಲವೇ? ಘನಗಳ ಲೆಕ್ಕ ಮೊದಲ ಸೆಮಿಸ್ಟರ್ ಗ್ರೂಪ್ ಥಿಯರಿ. ಪಾಲಿನಾಮಿಯಲ್ ಸಮೀಕರಣಗಳ ಪರಿಹಾರ ಎಣಿಸುವುದಕ್ಕೆ ಲ್ಯಾಂಗ್-ವೇಲ್ ಅಂದಾಜು 1954ರಿಂದಲೂ ಇದೆ. ಲಾಜಿಕ್ ಇಲ್ಲಿ ಹೊಸದಾಗಿ ಏನು ಸೇರಿಸಿತು?

ಲಾಜಿಕ್‌ಲೋಕ:
ಲ್ಯಾಂಗ್-ವೇಲ್ ಇಲ್ಲದೆ ಈ ಪ್ರಮೇಯ ಇಲ್ಲ, ಅದು ನಿಜ. ಆದರೆ ಲ್ಯಾಂಗ್-ವೇಲ್ ಎಣಿಸುವುದು ಸಮೀಕರಣದ ಪರಿಹಾರಗಳನ್ನು. ಫಾರ್ಮುಲಾದಲ್ಲಿ "ಪ್ರತಿಯೊಂದು ವೈಗೂ ಒಂದು ಝಡ್ ಇದೆ, ಆ ಝಡ್‌ಗೆ ಹೊಂದುವ ಡಬ್ಲ್ಯು ಯಾವುದೂ ಇಲ್ಲ" ಅಂತ ಮೂರು ನಾಲ್ಕು ಪದರ ಇರಬಹುದು. ಅದು ಸಮೀಕರಣ ಅಲ್ಲ. ಇಂಥ ಯಾವುದೇ ಫಾರ್ಮುಲಾವನ್ನು "ಈ ಪಾಲಿನಾಮಿಯಲ್‌ಗೆ ಬೇರು ಇದೆ" ಅನ್ನುವ ಸರಳ ಹೇಳಿಕೆಗಳಿಗೆ ಇಳಿಸಬಹುದು ಅಂತ ತೋರಿಸಿದ್ದು ಆಕ್ಸ್ ಶುರುಮಾಡಿದ ಕೆಲಸ. ಅಲ್ಲಿ ಬೇಕಾದದ್ದು ಲಾಜಿಕ್ಕೇ.

ಇನ್ನೊಂದು, ಈ ಪ್ರಮೇಯದಿಂದ "ಆಗುವುದಿಲ್ಲ" ಅನ್ನುವ ಫಲಿತಾಂಶ ಸಿಗುತ್ತದೆ, ಅದು ನನಗೆ ಬಹಳ ಇಷ್ಟ. ಕ್ಯೂ ವರ್ಗ ಅಂಶಗಳ ಫೀಲ್ಡ್ ಒಳಗೆ ಕ್ಯೂ ಅಂಶಗಳ ಸಣ್ಣ ಫೀಲ್ಡ್ ಕೂತಿರುತ್ತದೆ. ಎಲ್ಲ ಕ್ಯೂಗೂ ಒಂದೇ ಫಾರ್ಮುಲಾ ಬರೆದು ಆ ಸಣ್ಣ ಫೀಲ್ಡನ್ನು ಹೊರತೆಗೆಯಬಹುದೇ? ಆಗುವುದಿಲ್ಲ. ದೊಡ್ಡ ಫೀಲ್ಡ್‌ನ ಗಾತ್ರ ಎನ್ ಅಂದರೆ ಸಣ್ಣದರ ಗಾತ್ರ ಎನ್‌ನ ವರ್ಗಮೂಲ. ಡೈಮೆನ್ಷನ್ 1 ಇದ್ದರೆ ಎನ್‌ನ ಒಂದು ನಿಶ್ಚಿತ ಪಾಲಿನಷ್ಟು ಅಂಶ ಇರಬೇಕು. ಡೈಮೆನ್ಷನ್ 0 ಇದ್ದರೆ ಒಂದು ಮಿತಿ ದಾಟಬಾರದು. ವರ್ಗಮೂಲ ಎರಡಕ್ಕೂ ಸೇರುವುದಿಲ್ಲ. ಒಂದೇ ಒಂದು ಕ್ಯೂಗೆ ಬರೆಯಬಹುದು, "ಎಕ್ಸ್‌ನ ಕ್ಯೂ-ಘಾತ ಎಕ್ಸೇ" ಅಂತ. ಆದರೆ ಆ ಫಾರ್ಮುಲಾ ಕ್ಯೂ ಜೊತೆ ಬದಲಾಗುತ್ತಾ ಹೋಗುತ್ತದೆ. ಎಲ್ಲಕ್ಕೂ ಒಂದೇ ಫಾರ್ಮುಲಾ ಅನ್ನುವುದೇ ಇಲ್ಲಿ ಎಲ್ಲ ಬಿಗಿಗೂ ಕಾರಣ.

ಬಯಲುಸೀಮೆ ಕೋಡರ್:
ಕಂಪ್ಯೂಟರ್ ಸೈನ್ಸ್ ಕಡೆಯಿಂದ ಎರಡು ಮಾತು. ನಾವು ಅನಂತಕ್ಕೆ ಹೋಗದೆ ನೇರವಾಗಿ ಪರಿಮಿತದಲ್ಲೇ ಕೆಲಸ ಮಾಡುತ್ತೇವೆ. ನಮ್ಮ ಆಯುಧ ಎರೆನ್‌ಫಾಯ್ಟ್-ಫ್ರೈಸೆ ಆಟ. ಒಬ್ಬ ಆಟಗಾರ ಎರಡು ಗ್ರಾಫ್‌ಗಳ ವ್ಯತ್ಯಾಸ ತೋರಿಸಲು ನೋಡುತ್ತಾನೆ, ಇನ್ನೊಬ್ಬ ಮುಚ್ಚಲು ನೋಡುತ್ತಾನೆ. ಬಹಳ ದೊಡ್ಡ ಒಂದು ಸೈಕಲ್ ಒಂದು ಕಡೆ, ಅದರ ಅರ್ಧದಷ್ಟು ಉದ್ದದ ಎರಡು ಸೈಕಲ್ ಇನ್ನೊಂದು ಕಡೆ ಇಡಿ. ಸುತ್ತುಗಳ ಸಂಖ್ಯೆ ಮೊದಲೇ ನಿಗದಿಯಾಗಿದ್ದರೆ, ಸೈಕಲ್ ಸಾಕಷ್ಟು ಉದ್ದವಿದ್ದಾಗ ಮುಚ್ಚುವವನೇ ಗೆಲ್ಲುತ್ತಾನೆ. ಹಾಗಾಗಿ "ಗ್ರಾಫ್ ಒಂದೇ ತುಂಡಾಗಿದೆ" ಅನ್ನುವುದನ್ನು ಫಸ್ಟ್ ಆರ್ಡರ್‌ನಲ್ಲಿ ಬರೆಯಲು ಬರುವುದಿಲ್ಲ.

ಇನ್ನೊಂದು 0-1 ನಿಯಮ. ಎನ್ ಬಿಂದುಗಳ ಗ್ರಾಫ್‌ನಲ್ಲಿ ಪ್ರತಿ ಜೋಡಿಗೂ ನಾಣ್ಯ ಚಿಮ್ಮಿ ಗೆರೆ ಹಾಕಿ. ಯಾವುದೇ ಫಸ್ಟ್ ಆರ್ಡರ್ ವಾಕ್ಯ ನಿಜವಾಗುವ ಸಂಭವ, ಎನ್ ಬೆಳೆದಂತೆ 0ಗೆ ಅಥವಾ 1ಕ್ಕೆ ಹೋಗುತ್ತದೆ. ನಡುವೆ ನಿಲ್ಲುವುದೇ ಇಲ್ಲ. ಗ್ಲೆಬ್ಸ್ಕಿ ಮತ್ತು ಜೊತೆಗಾರರು 1969ರಲ್ಲಿ, ಫೇಗಿನ್ 1976ರಲ್ಲಿ ಬೇರೆ ಬೇರೆಯಾಗಿ ಇದನ್ನು ಕಂಡುಕೊಂಡರು. "ಬಿಂದುಗಳ ಸಂಖ್ಯೆ ಸಮ" ಅನ್ನುವುದು 0, 1, 0, 1 ಅಂತ ಜಿಗಿಯುತ್ತಲೇ ಇರುತ್ತದೆ, ಆದ್ದರಿಂದ ಅದು ಫಸ್ಟ್ ಆರ್ಡರ್ ಅಲ್ಲ ಅಂತ ಒಂದೇ ಸಾಲಿನಲ್ಲಿ ಸಾಬೀತಾಯಿತು.

ಎನ್‌ಪಿ (ಉತ್ತರ ಕೊಟ್ಟರೆ ಬೇಗ ಪರೀಕ್ಷಿಸಬಹುದಾದ ಪ್ರಶ್ನೆಗಳು) ಅಂದರೆ ಎಕ್ಸಿಸ್ಟೆನ್ಷಿಯಲ್ ಸೆಕೆಂಡ್ ಆರ್ಡರ್ ಲಾಜಿಕ್‌ನಲ್ಲಿ ("ಇಂಥ ಗುಂಪು ಅಥವಾ ಸಂಬಂಧ ಒಂದು ಇದೆ" ಅಂತ ಶುರುವಾಗುವ ವಾಕ್ಯಗಳಲ್ಲಿ) ಬರೆಯಬಹುದಾದದ್ದು ಅನ್ನುವ 1974ರ ಫೇಗಿನ್ ಪ್ರಮೇಯವೂ ಇದೇ ಕಡೆಯದು. ಅದು ಬೇರೆ ದಾರಿ, ಇಲ್ಲಿ ಎಳೆಯುವುದಿಲ್ಲ.

ಕಾವೇರಿತೀರ:
0-1 ನಿಯಮ ಚೆನ್ನಾಗಿದೆ ಸರ್, ಆದರೆ ರ‍್ಯಾಂಡಮ್ ಗ್ರಾಫ್ ಅಂದರೆ ಕೈಗೆ ಸಿಗದ ವಸ್ತು. "ಹೆಚ್ಚುಕಡಿಮೆ ಎಲ್ಲ ಗ್ರಾಫ್‌ಗಳೂ ಹೀಗಿವೆ" ಅಂದರೆ ನನ್ನ ಮುಂದಿರುವ ಗ್ರಾಫ್ ಹೀಗಿದೆ ಅಂತ ಆಗಲಿಲ್ಲ. ಹೆಸರು ಹಿಡಿದು ತೋರಿಸಬಹುದಾದ ಗ್ರಾಫ್ ಇದೆಯೇ?

ಲಾಜಿಕ್‌ಲೋಕ:
ಇದೆ. ಪೇಲಿ ಗ್ರಾಫ್. ಮೇಲಿನ ಎರಡೂ ಕಥೆ ಅಲ್ಲಿ ಸೇರುತ್ತವೆ.

13 ಅಂಶಗಳ ಫೀಲ್ಡ್ ತೆಗೆದುಕೊಳ್ಳಿ. 0ಯಿಂದ 12ರವರೆಗಿನ ಸಂಖ್ಯೆಗಳೇ ಬಿಂದುಗಳು. ಎರಡರ ವ್ಯತ್ಯಾಸ ಸೊನ್ನೆಯಲ್ಲದ ವರ್ಗವಾಗಿದ್ದರೆ ಗೆರೆ. ವರ್ಗಗಳು 1, 3, 4, 9, 10, 12. ಹಾಗಾಗಿ 0ಯ ನೆರೆಯವರು ಇವೇ ಆರು. 1ರ ನೆರೆಯವರು ಪ್ರತಿಯೊಂದಕ್ಕೂ ಒಂದು ಕೂಡಿಸಿದರೆ ಸಿಗುತ್ತಾರೆ: 2, 4, 5, 10, 11, 0. ಇಬ್ಬರಿಗೂ ಸಾಮಾನ್ಯ 4 ಮತ್ತು 10, ಎರಡು. ಈಗ ಗೆರೆ ಇಲ್ಲದ ಜೋಡಿ, 0 ಮತ್ತು 2. 2ರ ನೆರೆಯವರು 3, 5, 6, 11, 12, 1. ಸಾಮಾನ್ಯ 1, 3, 12, ಮೂರು. 13ರ ಕಾಲು ಭಾಗ ಅಂದರೆ 3.25. ನಾಣ್ಯ ಚಿಮ್ಮಿ ಮಾಡಿದ ಗ್ರಾಫ್‌ನಲ್ಲೂ ಸುಮಾರು ಇಷ್ಟೇ ಬರಬೇಕು. ಅಷ್ಟು ಸಣ್ಣ ಫೀಲ್ಡ್‌ನಲ್ಲೇ ಇಷ್ಟು ಹತ್ತಿರ!

ಕ್ಯೂವನ್ನು 4ರಿಂದ ಭಾಗಿಸಿದರೆ ಶೇಷ 1 ಬರುವ ಯಾವ ಫೀಲ್ಡ್‌ಗೂ ಹೀಗೆ ಮಾಡಬಹುದು. ಆಗ ಮೈನಸ್ 1 ವರ್ಗವಾಗಿರುತ್ತದೆ, ಅದರಿಂದ ಗೆರೆ ಎರಡೂ ಕಡೆಯಿಂದ ಒಂದೇ. ಈಗ ಕೆ ಬಿಂದು ಆರಿಸಿ "ಇವುಗಳಿಗೆ ಗೆರೆ ಬೇಕು, ಅವುಗಳಿಗೆ ಬೇಡ" ಅಂತ ಯಾವ ವಿನ್ಯಾಸ ಕೇಳಿದರೂ, ಹೊಂದುವ ಬಿಂದುಗಳು ಸುಮಾರು ಕ್ಯೂ ಭಾಗಿಸು 2ರ ಕೆ-ಘಾತ. ತಪ್ಪಿನ ಅಂದಾಜು ಕ್ಯೂನ ವರ್ಗಮೂಲದ ಮಟ್ಟದ್ದು. ಕ್ಯೂ ದೊಡ್ಡದಾದರೆ ಒಂದಾದರೂ ಸಿಕ್ಕೇ ಸಿಗುತ್ತದೆ. ಇವೇ ಎಕ್ಸ್‌ಟೆನ್ಷನ್ ಆಕ್ಸಿಯಂಗಳು, 0-1 ನಿಯಮದ ಬೆನ್ನೆಲುಬು. ಹಾಗಾಗಿ ಹೆಚ್ಚುಕಡಿಮೆ ಎಲ್ಲ ಗ್ರಾಫ್‌ಗಳಲ್ಲೂ ನಿಜವಾದ ಯಾವುದೇ ಫಸ್ಟ್ ಆರ್ಡರ್ ವಾಕ್ಯ, ಸಾಕಷ್ಟು ದೊಡ್ಡ ಪ್ರತಿಯೊಂದು ಪೇಲಿ ಗ್ರಾಫ್‌ನಲ್ಲೂ ನಿಜ. ಪೇಲಿ ಗ್ರಾಫ್‌ಗಳು ಈ ಆಕ್ಸಿಯಂಗಳನ್ನು ಪಾಲಿಸುತ್ತವೆ ಅಂತ ಬ್ಲಾಸ್, ಎಕ್ಸೂ, ಹರಾರಿ 1981ರಲ್ಲಿ ತೋರಿಸಿದರು.

ಗ್ರೂಪ್‌ಗೆಳತಿ:
ಚರ್ಚೆ ಚೆನ್ನಾಗಿ ನಡೆಯುತ್ತಿದೆ, ಗ್ರೂಪ್‌ಗಳನ್ನು ಎಲ್ಲರೂ ಮರೆತಂತಿದೆ. ನನಗೆ ತುಂಬಾ ಅಚ್ಚರಿ ತಂದ ಫಲಿತಾಂಶ ಅಲ್ಲಿದೆ.

ಎಕ್ಸ್, ವೈ ಗುಣಿಸುವ ಕ್ರಮ ಬದಲಿಸಿದಾಗ ಬರುವ ವ್ಯತ್ಯಾಸವೇ ಅವುಗಳ ಕಮ್ಯುಟೇಟರ್. ಕಮ್ಯುಟೇಟರ್‌ಗಳು ಹುಟ್ಟಿಸುವ ಸಬ್‌ಗ್ರೂಪ್ ಮತ್ತೆ ಮತ್ತೆ ತೆಗೆದಾಗ ಕೊನೆಗೆ ಐಡೆಂಟಿಟಿ ಮಾತ್ರ ಉಳಿದರೆ ಗ್ರೂಪ್ ಸಾಲ್ವಬಲ್, ಎಷ್ಟು ಸಲ ತೆಗೆಯಬೇಕೋ ಅದು ಡಿರೈವ್ಡ್ ಲೆಂತ್. ಒಂದು ಗ್ರೂಪ್ ಸಾಲ್ವಬಲ್ ಅನ್ನುವುದನ್ನು ಒಂದೇ ಫಸ್ಟ್ ಆರ್ಡರ್ ವಾಕ್ಯದಲ್ಲಿ ಹೇಳಬಹುದೇ? ಎಲ್ಲ ಗ್ರೂಪ್‌ಗಳ ನಡುವೆ ಆಗುವುದಿಲ್ಲ. ಡಿರೈವ್ಡ್ ಲೆಂತ್ ಬೆಳೆಯುತ್ತಾ ಹೋಗುವ ಸಾಲ್ವಬಲ್ ಗ್ರೂಪ್‌ಗಳ ಅಲ್ಟ್ರಾಪ್ರಾಡಕ್ಟ್ ಸಾಲ್ವಬಲ್ ಆಗಿರುವುದಿಲ್ಲ. ಅದಕ್ಕೆ ಪರಿಮಿತ ಗ್ರೂಪ್‌ಗಳ ನಡುವೆಯೂ ಆಗುವುದಿಲ್ಲ ಅಂತಲೇ ಯಾರಿಗೂ ಅನ್ನಿಸುತ್ತದೆ. ಆದರೆ ಆಗುತ್ತದೆ! ಜಾನ್ ವಿಲ್ಸನ್ 2006ರಲ್ಲಿ ತೋರಿಸಿದರು. ಪರಿಮಿತ ಗ್ರೂಪ್ ಸಾಲ್ವಬಲ್ ಆಗಿರಬೇಕಾದರೆ, ಐಡೆಂಟಿಟಿ ಅಲ್ಲದ ಯಾವ ಜಿಯನ್ನೂ, ಒಳಗಿನ ಎರಡೂ ಅಂಶಗಳು ಜಿಯ ಕಾಂಜುಗೇಟ್‌ಗಳೇ (ಎಚ್, ಜಿ, ಎಚ್‌ನ ವಿಲೋಮ ಗುಣಿಸಿದರೆ ಸಿಗುವವು) ಆಗಿರುವಂಥ 56 ಕಮ್ಯುಟೇಟರ್‌ಗಳ ಗುಣಲಬ್ಧವಾಗಿ ಬರೆಯಲು ಆಗಬಾರದು. ಇದರ ತಿರುಗುಮುರುಗೂ ನಿಜ.

ಒಂದು ಕಡೆ ಸುಲಭ, ನೀವೇ ನೋಡಿ. ಜಿಯ ಕಾಂಜುಗೇಟ್‌ಗಳೆಲ್ಲ ಸೇರಿ ಹುಟ್ಟಿಸುವ ನಾರ್ಮಲ್ ಸಬ್‌ಗ್ರೂಪ್ ಎನ್ ಇರಲಿ. ಜಿ ಹಾಗೆ ಬರೆಯಲು ಬಂದರೆ ಅದು ಎನ್‌ನ ಕಮ್ಯುಟೇಟರ್ ಸಬ್‌ಗ್ರೂಪ್‌ನಲ್ಲೇ ಇದೆ. ಅದೂ ನಾರ್ಮಲ್, ಹಾಗಾಗಿ ಅದು ಪೂರ್ತಿ ಎನ್ ಆಗಲೇಬೇಕು. ತನ್ನ ಕಮ್ಯುಟೇಟರ್ ಸಬ್‌ಗ್ರೂಪಿಗೇ ಸಮವಾದ ಎನ್ ಇದ್ದರೆ ಗ್ರೂಪ್ ಸಾಲ್ವಬಲ್ ಅಲ್ಲ. ಮುಗಿಯಿತು. ಕಷ್ಟ ಇರುವುದು ಇನ್ನೊಂದು ದಿಕ್ಕಿನಲ್ಲಿ, ಸಾಲ್ವಬಲ್ ಅಲ್ಲದ ಪ್ರತಿ ಪರಿಮಿತ ಗ್ರೂಪ್‌ನಲ್ಲೂ ಇಂಥ ಜಿ ಒಂದು ಇದೆ, ಅದಕ್ಕೆ 56 ಸಾಕು ಅನ್ನುವುದರಲ್ಲಿ.

ಇದೇ ವಿಲ್ಸನ್ 1995ರಲ್ಲಿ ತೋರಿಸಿದ್ದು ಇನ್ನೊಂದಿದೆ. ಸ್ಯೂಡೋಫೈನೈಟ್ (ಎಲ್ಲ ಪರಿಮಿತ ರಚನೆಗಳಲ್ಲಿ ನಿಜವಾದ ವಾಕ್ಯಗಳನ್ನು ಪಾಲಿಸುವ, ಆದರೆ ಅನಂತವಾದ) ಸಿಂಪಲ್ ಗ್ರೂಪ್‌ಗಳ ಥಿಯರಿ, ಸ್ಯೂಡೋಫೈನೈಟ್ ಫೀಲ್ಡ್ ಮೇಲಿನ ಶೆವಾಲೆ ಗ್ರೂಪ್‌ಗಳ (ಫೀಲ್ಡ್‌ನಿಂದ ಕಟ್ಟುವ ಮ್ಯಾಟ್ರಿಕ್ಸ್ ತರಹದ ಗ್ರೂಪ್‌ಗಳ) ಥಿಯರಿಯೇ. ಅದು ಪರಿಮಿತ ಸಿಂಪಲ್ ಗ್ರೂಪ್‌ಗಳ ವರ್ಗೀಕರಣದ ಮೇಲೆ ನಿಂತಿದೆ. ಹೀಗೆ ಗ್ರೂಪ್‌ಗಳ ಪ್ರಶ್ನೆ ಆಕ್ಸ್ ಅವರ ಫೀಲ್ಡ್‌ಗಳಿಗೇ ಬಂದು ಸೇರುತ್ತದೆ.

ಎಣಿಕೆಪ್ರಿಯ:
56ರ ಫಲಿತಾಂಶ ನನಗೆ ಗೊತ್ತಿರಲಿಲ್ಲ, ನಿಜಕ್ಕೂ ಚೆನ್ನಾಗಿದೆ. ಆದರೆ ಗ್ರಾಫ್ ಕಡೆ ನನ್ನ ಪ್ರಶ್ನೆ ಇನ್ನೂ ಇದೆ. ನಮಗೆ ದಿನನಿತ್ಯದ ಆಯುಧ ಸೆಮೆರೆಡಿಯ ರೆಗ್ಯುಲಾರಿಟಿ ಲೆಮ್ಮಾ. ದೊಡ್ಡ ಗ್ರಾಫನ್ನು ಭಾಗ ಮಾಡಿದರೆ ಹೆಚ್ಚಿನ ಜೋಡಿ ಭಾಗಗಳ ನಡುವೆ ಗೆರೆಗಳು ರ‍್ಯಾಂಡಮ್ ಆಗಿ ಹರಡಿದಂತೆ ಇರುತ್ತವೆ ಅನ್ನುತ್ತದೆ. ತೊಂದರೆ ಎರಡು. ಭಾಗಗಳ ಸಂಖ್ಯೆ ಘಾತದ ಮೇಲೆ ಘಾತ ಪೇರಿಸಿದಷ್ಟು ಎತ್ತರ ಹೋಗುತ್ತದೆ, ಅದನ್ನು ತಪ್ಪಿಸಲು ಆಗುವುದಿಲ್ಲ ಅಂತ ಗವರ್ಸ್ 1997ರಲ್ಲಿ ತೋರಿಸಿಬಿಟ್ಟರು. ಜೊತೆಗೆ ಕೆಲವು ಕೆಟ್ಟ ಜೋಡಿಗಳು ಉಳಿದೇ ಉಳಿಯುತ್ತವೆ. ಇಲ್ಲಿ ಮಾಡೆಲ್ ಥಿಯರಿ ಏನಾದರೂ ಮಾಡುತ್ತದೆಯೇ?

ಲಾಜಿಕ್‌ಲೋಕ:
ಮಾಡುತ್ತದೆ, ಮತ್ತು ಇದು ನಿಮಗೆ ಹಿಡಿಸುತ್ತದೆ ಅಂತ ನನ್ನ ನಂಬಿಕೆ.

ಕೆಟ್ಟ ಜೋಡಿ ಉಳಿಯಲು ಕಾರಣ ಹಾಫ್ ಗ್ರಾಫ್. ಒಂದು ಕಡೆ ಎ1, ಎ2, ಎ3 ಹೀಗೆ, ಇನ್ನೊಂದು ಕಡೆ ಬಿ1, ಬಿ2, ಬಿ3 ಹೀಗೆ. ಎ ಕಡೆಯ ಸಂಖ್ಯೆ ಬಿ ಕಡೆಯದಕ್ಕಿಂತ ಜಾಸ್ತಿ ಇಲ್ಲದಿದ್ದರೆ ಗೆರೆ. ಎ1ಕ್ಕೆ ಎಲ್ಲ ಬಿಗಳೂ ನೆರೆ, ಕೊನೆಯ ಎಗೆ ಕೊನೆಯ ಬಿ ಮಾತ್ರ. ಅಂದರೆ ಗ್ರಾಫ್ ಒಳಗೆ ಒಂದು ಕ್ರಮ ಅಡಗಿದೆ. ಶೆಲಾ ಅನಂತ ರಚನೆಗಳನ್ನು ವಿಂಗಡಿಸುವಾಗ "ಸ್ಟೇಬಲ್" ಅಂದದ್ದು ಇಂಥ ಕ್ರಮ ಅಡಗಿಲ್ಲದ ಥಿಯರಿಗಳನ್ನೇ. ಅವರ ತಲೆಯಲ್ಲಿ ಆಗ ಪರಿಮಿತ ಗ್ರಾಫ್ ಇರಲಿಲ್ಲ.

2014ರಲ್ಲಿ ಮಲ್ಲಿಯಾರಿಸ್ ಮತ್ತು ಶೆಲಾ ಎರಡನ್ನೂ ಜೋಡಿಸಿದರು. ಒಂದು ನಿಶ್ಚಿತ ಗಾತ್ರದ ಹಾಫ್ ಗ್ರಾಫ್ ಇಲ್ಲದ ಗ್ರಾಫ್ ಆದರೆ, ಕೆಟ್ಟ ಜೋಡಿ ಒಂದೂ ಇಲ್ಲದ ಹಾಗೆ ಭಾಗ ಮಾಡಬಹುದು. ಪ್ರತಿ ಜೋಡಿ ಭಾಗಗಳ ನಡುವೆ ಹೆಚ್ಚುಕಡಿಮೆ ಎಲ್ಲ ಗೆರೆಯೂ ಇರುತ್ತದೆ, ಇಲ್ಲವೇ ಹೆಚ್ಚುಕಡಿಮೆ ಒಂದೂ ಇರುವುದಿಲ್ಲ. ಎಪ್ಸಿಲಾನ್ ಅಂದರೆ ನಾವು ಒಪ್ಪುವ ತಪ್ಪಿನ ಅಳತೆ, ಭಾಗಗಳ ಸಂಖ್ಯೆ 1/ಎಪ್ಸಿಲಾನ್‌ನ ಪಾಲಿನಾಮಿಯಲ್ ಅಷ್ಟೇ. ಇನ್ನೂ ಒಂದು, ಅವರ ಪ್ರೂಫ್ ಪೂರ್ತಿ ಪರಿಮಿತ. ಅಲ್ಟ್ರಾಪ್ರಾಡಕ್ಟ್ ಇಲ್ಲ. ಸ್ಟೆಬಿಲಿಟಿಯ ಯೋಚನೆ ಮಾತ್ರ ಬಂದಿದೆ, ಅನಂತಕ್ಕೆ ಹೋಗಿ ಬರುವ ದಾರಿ ಬೇಕಾಗಿಲ್ಲ.

ಕಾವೇರಿತೀರ:
ಕೈಲೆಕ್ಕ ಮಾಡಿ ನೋಡಿದೆ. ಪ್ಲೇನಾರ್ ಗ್ರಾಫ್‌ನಲ್ಲಿ (ಗೆರೆಗಳು ಒಂದನ್ನೊಂದು ದಾಟದಂತೆ ಹಾಳೆ ಮೇಲೆ ಬರೆಯಬಹುದಾದದ್ದು) ಗಾತ್ರ 5ರ ಹಾಫ್ ಗ್ರಾಫ್ ಇರಲಾರದು, ಸರಿಯೇ? ಎ1, ಎ2, ಎ3 ಮೂವರಿಗೂ ಬಿ3, ಬಿ4, ಬಿ5 ಮೂವರೂ ನೆರೆ. ಅದು ಮೂರು-ಮೂರರ ಕಂಪ್ಲೀಟ್ ಬೈಪಾರ್ಟೈಟ್ ಗ್ರಾಫ್, ಪ್ಲೇನಾರ್ ಒಳಗೆ ಬರುವಂತಿಲ್ಲ.

ಎಣಿಕೆಪ್ರಿಯ:
ಸರಿ ಇದೆ. ಆದರೆ ಪ್ಲೇನಾರ್ ಗ್ರಾಫ್‌ನಲ್ಲಿ ಗೆರೆಗಳೇ ಕಡಿಮೆ, ರೆಗ್ಯುಲಾರಿಟಿ ಅಲ್ಲಿ ಹೊಸದೇನೂ ಹೇಳುವುದಿಲ್ಲ.

ಬಯಲುಸೀಮೆ ಕೋಡರ್:
ರೆಗ್ಯುಲಾರಿಟಿ ಹೇಳದಿರಬಹುದು, ಆದರೆ ಸ್ಟೆಬಿಲಿಟಿ ಅಲ್ಲಿ ಬೇರೆ ಕಡೆಯಿಂದ ಉಪಯೋಗಕ್ಕೆ ಬರುತ್ತದೆ. ಗೆರೆಗೆ ಮಾತ್ರ ಅಲ್ಲ, ಗ್ರಾಫ್ ಭಾಷೆಯ ಯಾವುದೇ ಫಾರ್ಮುಲಾ ತೆಗೆದುಕೊಂಡರೂ ಪ್ಲೇನಾರ್ ಗ್ರಾಫ್‌ಗಳಲ್ಲಿ ದೊಡ್ಡ ಕ್ರಮ ಅಡಗಿರುವುದಿಲ್ಲ. ಇದರ ಬೇರು ಪೊಡೆವ್‌ಸ್ಕಿ ಮತ್ತು ಝೀಗ್ಲರ್ ಅವರ 1978ರ ಕೆಲಸದಲ್ಲಿದೆ. ನೆಶೆಟ್ರಿಲ್ ಮತ್ತು ಒಸೊನಾ ಡಿ ಮೆಂಡೆಸ್ ನೋವೇರ್ ಡೆನ್ಸ್ ಅಂತ ಹೆಸರಿಟ್ಟ, ಒಂದು ಅರ್ಥದಲ್ಲಿ ಗೆರೆ ವಿರಳವಾದ ಗ್ರಾಫ್ ಕುಟುಂಬಗಳು ಪೊಡೆವ್‌ಸ್ಕಿ-ಝೀಗ್ಲರ್ ನೋಡಿದ ಬಗೆಯವೇ ಅಂತ ಆಡ್ಲರ್ ದ್ವಯರು 2014ರಲ್ಲಿ ಗುರುತಿಸಿದರು. ಅದೇ ವರ್ಷ ಗ್ರೋಹೆ, ಕ್ರಾಯ್ಟ್‌ಸರ್, ಸೀಬೆರ್ಟ್ಸ್ ಅಂಥ ಕುಟುಂಬಗಳಲ್ಲಿ ಯಾವುದೇ ಫಸ್ಟ್ ಆರ್ಡರ್ ವಾಕ್ಯವನ್ನು ಹೆಚ್ಚುಕಡಿಮೆ ಲೀನಿಯರ್ ಸಮಯದಲ್ಲಿ ಪರೀಕ್ಷೆ ಮಾಡಬಹುದು ಅಂತ ತೋರಿಸಿದರು. ಅನಂತ ಗ್ರಾಫ್‌ಗಳಿಗೆ ಅಂತ ಬರೆದದ್ದು ಮೂವತ್ತೈದು ವರ್ಷದ ನಂತರ ಅಲ್ಗಾರಿದಂ ಕಡೆ ಬಂದು ಸೇರಿದೆ. ನನಗಂತೂ ಇದಕ್ಕಿಂತ ಒಳ್ಳೆಯ ಉತ್ತರ ಮೂಲ ಪ್ರಶ್ನೆಗೆ ಬೇಕಿಲ್ಲ.

ಕಾವೇರಿತೀರ:
ಹಾಗಾದರೆ ಪೇಲಿ ಗ್ರಾಫ್ ಸ್ಟೇಬಲ್ ಅಲ್ಲ, ಅಲ್ವಾ? ಎಲ್ಲ ಸಣ್ಣ ವಿನ್ಯಾಸವೂ ಅದರೊಳಗೆ ಬರುತ್ತದೆ ಅಂದಮೇಲೆ ಹಾಫ್ ಗ್ರಾಫ್ ಕೂಡ ಬರಬೇಕು.

ಲಾಜಿಕ್‌ಲೋಕ:
ಬರುತ್ತದೆ. ಮಲ್ಲಿಯಾರಿಸ್-ಶೆಲಾ ಅಲ್ಲಿ ಹತ್ತುವುದಿಲ್ಲ. ಆದರೆ ಪೇಲಿ ಗ್ರಾಫ್ ಫೀಲ್ಡ್ ಒಳಗೆ ಒಂದೇ ಫಾರ್ಮುಲಾದಿಂದ ಹುಟ್ಟಿದ್ದು. ಅಂಥವಕ್ಕೆ ಟೆರೆನ್ಸ್ ಟಾವ್ ಅವರ ಆಲ್ಜಿಬ್ರಾಯಿಕ್ ರೆಗ್ಯುಲಾರಿಟಿ ಲೆಮ್ಮಾ ಇದೆ. ಭಾಗಗಳ ಸಂಖ್ಯೆ ಫಾರ್ಮುಲಾ ಮೇಲೆ ಮಾತ್ರ ನಿಂತಿದೆ, ಕ್ಯೂ ಮೇಲೆ ಅಲ್ಲ. ಎಲ್ಲ ಜೋಡಿಗಳೂ ಒಳ್ಳೆಯವು. ತಪ್ಪು ಕ್ಯೂನ ಮೈನಸ್ ಕಾಲು ಘಾತದ ಮಟ್ಟದ್ದು, ಅಂದರೆ ಫೀಲ್ಡ್ ಬೆಳೆದಂತೆ ತಾನೇ ಕರಗುತ್ತದೆ. ಟಾವ್ ಮೊದಲು ಕ್ಯಾರೆಕ್ಟರಿಸ್ಟಿಕ್ (1ನ್ನು ಎಷ್ಟು ಸಲ ಕೂಡಿಸಿದರೆ ಸೊನ್ನೆ ಬರುತ್ತದೋ ಆ ಸಂಖ್ಯೆ) ದೊಡ್ಡದಿರುವ ಫೀಲ್ಡ್‌ಗಳಿಗೆ ಹೇಳಿದರು, ಆಮೇಲೆ ಮಾಡೆಲ್ ಥಿಯರಿಯವರು ಆ ಷರತ್ತನ್ನೂ ತೆಗೆದರು. ಇದರ ಹಿಂದೆ ಇರುವುದು ಮೊದಲು ಹೇಳಿದ 1992ರ ಎಣಿಕೆಯೇ.

ಕಾವೇರಿತೀರ:
ಹಾಗಾದರೆ ನನ್ನ ಕೆಲಸಕ್ಕೆ ಬರುತ್ತೇನೆ. ನನ್ನ ಗ್ರಾಫ್‌ನಲ್ಲಿ ಬಿಂದುಗಳು ಫೀಲ್ಡ್‌ನ ಅಂಶಗಳು. ಎಕ್ಸ್ ಗುಣಿಸು ವೈ, ಅದಕ್ಕೆ 1 ಕೂಡಿಸಿದರೆ ವರ್ಗ ಬರಬೇಕು, ಆಗ ಗೆರೆ. ಸೊನ್ನೆಯನ್ನೂ ವರ್ಗ ಅಂತ ಲೆಕ್ಕಕ್ಕೆ ತೆಗೆದುಕೊಳ್ಳುತ್ತೇನೆ, ಬಿಂದು ತನಗೆ ತಾನೇ ನೆರೆ ಆದರೂ ಅಡ್ಡಿಯಿಲ್ಲ. 7 ಅಂಶಗಳ ಫೀಲ್ಡ್‌ನಲ್ಲಿ ವರ್ಗಗಳು 0, 1, 2, 4. ಬಿಂದು 1ರ ನೆರೆಯವರು 0, 1, 3, 6. ಬಿಂದು 2ರ ನೆರೆಯವರು 0, 3, 4, 5. ಸಾಮಾನ್ಯ 0 ಮತ್ತು 3, ಎರಡು. 7ರ ಕಾಲು 1.75. ಬಿಂದು 0 ಮಾತ್ರ ಎಲ್ಲರಿಗೂ ನೆರೆ, ಯಾಕೆಂದರೆ ಅಲ್ಲಿ ಯಾವಾಗಲೂ 1 ಬರುತ್ತದೆ. ಹಾಗಾಗಿ 0ಯನ್ನು ಬಿಟ್ಟರೆ ಇದೂ ಟಾವ್ ಲೆಮ್ಮಾ ಒಳಗೆ, ಪೇಲಿ ತರಹವೇ ನಡೆಯುತ್ತದೆ ಅನ್ನಿಸುತ್ತದೆ.

ಎರಡನೇ ಕುಟುಂಬವೂ ಇದೆ. ಕ್ಯೂ ವರ್ಗ ಅಂಶಗಳ ಫೀಲ್ಡ್, ವ್ಯತ್ಯಾಸ ಕ್ಯೂ ಅಂಶಗಳ ಸಣ್ಣ ಫೀಲ್ಡ್‌ನಲ್ಲಿದ್ದರೆ ಗೆರೆ. ಇದಕ್ಕೆ?

ಲಾಜಿಕ್‌ಲೋಕ:
ಮೊದಲನೆಯದು ಹೌದು. ಸೊನ್ನೆಯಲ್ಲದ ಎಕ್ಸ್ ನಿಲ್ಲಿಸಿದರೆ ವೈ ಬದಲಾದಂತೆ "ಎಕ್ಸ್ ವೈ ಕೂಡಿಸು 1" ಪ್ರತಿ ಬೆಲೆಯನ್ನೂ ಒಮ್ಮೆ ಮುಟ್ಟುತ್ತದೆ. ಕ್ಯೂ ಬೆಸವಾಗಿದ್ದರೆ ಅರ್ಧದಷ್ಟು ನೆರೆಯವರು ಖಚಿತ. ಕ್ಯೂ ಸಮವಾಗಿದ್ದರೆ ಎಲ್ಲ ಅಂಶಗಳೂ ವರ್ಗಗಳೇ, ಆಗ ಗ್ರಾಫ್ ಪೂರ್ತಿ ತುಂಬಿರುತ್ತದೆ, ಅದನ್ನು ಬೇರೆ ಇಡಿ.

ಎರಡನೆಯದು ಎಲ್ಲ ಕ್ಯೂಗೂ ಒಂದೇ ಫಾರ್ಮುಲಾದಿಂದ ಬರುವುದಿಲ್ಲ, ಮೇಲೆ ನೋಡಿದೆವಲ್ಲ. ಟಾವ್ ಲೆಮ್ಮಾ ಅಲ್ಲಿಗೆ ಹೋಗುವುದಿಲ್ಲ. ಆದರೆ ಆ ಗ್ರಾಫ್ ಅಂದರೆ ಕ್ಯೂ ತುಂಡುಗಳು, ಪ್ರತಿ ತುಂಡಿನಲ್ಲಿ ಕ್ಯೂ ಬಿಂದುಗಳು, ತುಂಡಿನೊಳಗೆ ಎಲ್ಲರಿಗೂ ಎಲ್ಲರೂ ನೆರೆ. ಎ1ಕ್ಕೆ ಬಿ1, ಬಿ2 ನೆರೆ, ಎ2ಕ್ಕೆ ಬಿ2 ನೆರೆ ಆದರೆ ನಾಲ್ವರೂ ಒಂದೇ ತುಂಡಿನವರು, ಎ2ಕ್ಕೆ ಬಿ1 ನೆರೆ ಆಗಲೇಬೇಕು. ಗಾತ್ರ 2ರ ಹಾಫ್ ಗ್ರಾಫ್ ಕೂಡ ಇಲ್ಲ. ಪೂರ್ತಿ ಸ್ಟೇಬಲ್.

ಎಣಿಕೆಪ್ರಿಯ:
ಆ ಎರಡನೆಯದರಲ್ಲಿ ಗೆರೆಗಳ ಸಾಂದ್ರತೆ 1/ಕ್ಯೂ, ಸೊನ್ನೆಗೆ ಹೋಗುತ್ತದೆ. ಅಲ್ಲಿ ರೆಗ್ಯುಲಾರಿಟಿ ಬೇಕಾಗಿಯೇ ಇಲ್ಲ, ರಚನೆ ಕಣ್ಣಿಗೇ ಕಾಣುತ್ತದೆ. ಎರಡು ನಿಯಮವನ್ನೂ ಸೇರಿಸಿ ನೋಡಿ: ವ್ಯತ್ಯಾಸ ಸಣ್ಣ ಫೀಲ್ಡ್‌ನಲ್ಲಿದ್ದು, ಆ ಸಣ್ಣ ಫೀಲ್ಡ್ ಒಳಗೇ ಅದು ಸೊನ್ನೆಯಲ್ಲದ ವರ್ಗವಾಗಿದ್ದರೆ ಗೆರೆ. ಕ್ಯೂನ ಶೇಷ 4ರಿಂದ 1 ಇರಲಿ. ಆಗ ಪ್ರತಿ ತುಂಡೂ ಒಂದೊಂದು ಪೇಲಿ ಗ್ರಾಫ್, ಸ್ಟೇಬಲ್ ಅಲ್ಲ. ದೊಡ್ಡ ಫೀಲ್ಡ್‌ನ ಭಾಷೆಯಲ್ಲಿ ಫಾರ್ಮುಲಾವೂ ಇಲ್ಲ. ಅದಕ್ಕೆ ಏನು ಮಾಡುತ್ತೀರಿ?

ಲಾಜಿಕ್‌ಲೋಕ:
ಸಣ್ಣ ಫೀಲ್ಡ್‌ನಲ್ಲೇ ಕೂತು ನೋಡಿ. ದೊಡ್ಡ ಫೀಲ್ಡ್‌ನ ಪ್ರತಿ ಅಂಶವೂ ಸಣ್ಣ ಫೀಲ್ಡ್‌ನ ಎರಡು ಅಂಶಗಳ ಜೋಡಿ. ಮೊದಲನೆಯದು ತುಂಡಿನ ಹೆಸರು, ಎರಡನೆಯದು ತುಂಡಿನೊಳಗಿನ ಜಾಗ. "ಮೊದಲನೆಯವು ಒಂದೇ, ಎರಡನೆಯವುಗಳ ವ್ಯತ್ಯಾಸ ಸೊನ್ನೆಯಲ್ಲದ ವರ್ಗ" ಅಂತ ಬರೆದರೆ ಎಲ್ಲ ಕ್ಯೂಗೂ ಒಂದೇ ಫಾರ್ಮುಲಾ ಬಂತು, ಎಣಿಕೆಯ ಪ್ರಮೇಯ ನೇರವಾಗಿ ಹತ್ತುತ್ತದೆ. ಪ್ರತಿ ಬಿಂದುವಿಗೆ ಸುಮಾರು ಕ್ಯೂನ ಅರ್ಧದಷ್ಟು ನೆರೆಯವರು. ಕಾವೇರಿತೀರ ಅವರ ಎರಡನೇ ಕುಟುಂಬಕ್ಕೂ ಇದೇ ದಾರಿ ಸಾಕು. ಯಾವ ಫೀಲ್ಡ್‌ನಲ್ಲಿ ಕೂತು ಬರೆಯುತ್ತೀರಿ ಅನ್ನುವುದನ್ನು ಮೊದಲು ಗಟ್ಟಿ ಮಾಡಿಕೊಳ್ಳಿ, ಅದರ ಮೇಲೆ ಡೈಮೆನ್ಷನ್ ಬದಲಾಗುತ್ತದೆ.